ಕಚ್ಚಾ ಹೊಲಿಗೆಯ ಆರು ತಿಂಗಳು

ಆ ಸೋಮವಾರ ಅಕ್ಕೋರು ಕತ್ತರಿ ಹಿಡಿದು ಮೇಜಿನ ಮುಂದೆ ನಿಂತಿದ್ದರು. ಬೆನ್ನಿನ ಆಪರೇಶನ್ ಆಗಿ ಮೂರು ತಿಂಗಳಾಗಿತ್ತು. ಸೊಂಟಕ್ಕೆ ಬಿಗಿದ ಬೆಲ್ಟಿನ ಮೇಲೆ ಸೀರೆಯ ನೆರಿಗೆ ಸರಿಯಾಗಿ ಕೂಡುತ್ತಿರಲಿಲ್ಲ. ಅವರಿಗೆ ಬೇಸರ ಅದಕ್ಕೇ ಹೊರತು ನೋವಿಗಲ್ಲ. ಬಗ್ಗಬಾರದು, ಭಾರ ಎತ್ತಬಾರದು, ನೆಲಕ್ಕೆ ಕೂಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ನಾನು ಮೇಜಿನ ನಾಲ್ಕೂ ಕಾಲಿಗೆ ಇಟ್ಟಂಗಿ ಇಟ್ಟು ಅವರ ಸೊಂಟದ ಮಟ್ಟಕ್ಕೆ ಏರಿಸಿಕೊಟ್ಟಿದ್ದೆ. ಮೇಜಿನ ಮೇಲೆ ಹಸಿರು ಖಣ ಹಾಸಿತ್ತು. ಅವರ ಹಿರಿಯ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ತನ್ನ ಮಗಳ ಮದುವೆಯಲ್ಲಿ ತೊಡಲು ಕೊಟ್ಟ ಕುಬಸದ ಬಟ್ಟೆ ಅದು.

ಅಕ್ಕೋರು ತಾವೇ ಕತ್ತರಿಸಿದರು. ಬೆನ್ನು, ಎದೆ, ಎಡ ತೋಳು, ಎಲ್ಲವನ್ನೂ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಕೂಡಿಸಿದರು. ಬಲ ತೋಳನ್ನು ಕತ್ತರಿಸಿ ಮಡಚಿಟ್ಟರು.

“ಹೊಲಿಗಿ ಒಳಗ ಎಷ್ಟು ಬಟ್ಟಿ ಬಿಟ್ಟೀನಿ ನೋಡು,” ಎಂದರು.

“ಯಾವಾಗ್ಲೂ ಎರಡ ಬೆರಳಲ್ರಿ ಅಕ್ಕೋರ.”

“ಆಕಿಗೆ ಮೂರು ಬಿಟ್ಟೀನಿ. ಮದುವಿ ಮನ್ಯಾಗ ಹೋಳಿಗಿ ತಿಂದು ಉಬ್ಬತಾಳ, ಕುಬಸ ಹರದ್ರ ಹೆಸರು ನಂದು ಕೆಡತೈತಿ.” ತಮ್ಮ ಮಾತಿಗೆ ತಾವೇ ನಕ್ಕರು. ನಗುವಾಗ ಬಲಗೈ ಸೊಂಟಕ್ಕೆ ಹೋಯಿತು. “ನಾಳೆ ಬಲ ತೋಳು ಕೂಡ್ಸೂಣು. ಇವತ್ತಿಗೆ ಸಾಕು.”

ಅದೇ ನಾನು ಅವರನ್ನು ನಿಂತಂತೆ ಕಂಡ ಕೊನೆಯ ದಿನ.

ಅಕ್ಕೋರು ಎಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ಅವರು ಸಾಲಿ ಕಲಿಸಿದವರಲ್ಲ, ಸುರೇಬಾನದಲ್ಲಿ ಹೊಲಿಗೆ ಕಲಿಸಿದವರು. ಕಿತ್ತೂರು ಕಡೆಯಿಂದ ಸೊಸೆಯಾಗಿ ಬಂದು, ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಆ ದೊಡ್ಡ ಮನೆಯ ಹೊರಗಿನ ಪಡಸಾಲೆಯಲ್ಲಿ ಒಂದು ಮಶಿನ್ ಇಟ್ಟುಕೊಂಡು ಕುಳಿತರು. ಅವರ ಹತ್ತಿರ ಕಲಿತ ಹುಡುಗಿಯರು ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ಲಗ್ನವಾಗಿ ಹೋದರು. ಬಸ್ಸಿನಲ್ಲಿ ಯಾವಳೋ ಗುರುತಿಲ್ಲದ ಹೆಣ್ಣುಮಗಳ ಕುಬಸದ ಹೆಗಲು ನೋಡಿ “ಇದು ನಮ್ಮ ಪಡಸಾಲಿದು” ಎಂದು ನಾನು ಗುರುತಿಸಬಲ್ಲೆ.

ಬಂದವರಿಗೆ ಅವರು ಮೊದಲು ಹೊಲಿಯುವುದನ್ನು ಕಲಿಸುತ್ತಿರಲಿಲ್ಲ. ಹದಿನೈದು ದಿನ ಹಳೆಯ ಕುಬಸಗಳನ್ನು ಕೊಟ್ಟು ಬಿಚ್ಚಿಸುತ್ತಿದ್ದರು. ಬಟ್ಟೆ ಹರಿಯಬಾರದು, ದಾರ ತುಂಡಾಗಬಾರದು. “ಹೊಲಿಯೂದನ್ನ ಯಾರರೆ ಕಲಿಸ್ತಾರ. ತಪ್ಪಿದ್ದನ್ನ ಬಿಚ್ಚೂದು ಯಾರೂ ಕಲಸೂದಿಲ್ಲ,” ಎನ್ನುತ್ತಿದ್ದರು. ಅಳತೆಯ ಟೇಪು ಕೊರಳಲ್ಲಿ ಇರುತ್ತಿತ್ತು, ಆದರೆ ಬಹಳ ಸಲ ಕಣ್ಣಿನಿಂದಲೇ ಹೇಳಿಬಿಡುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ, “ಮೂವತ್ತಾರು. ಒಂದು ಹೆಗಲು ತಗ್ಗೈತಿ, ಕೊಡ ಎಡಕ್ಕ ಹೊರತಿ ಹೌದಲ್ಲೋ?” ಎಂದು ಕೇಳಿದರೆ ಬಂದವಳು ಬೆರಗಾಗಿ ನಿಲ್ಲುತ್ತಿದ್ದಳು.

ಎಲ್ಲರ ಹೆಗಲನ್ನೂ ನೋಡುವ ಅವರು ತಮ್ಮ ಸೊಂಟವನ್ನು ನೋಡಿಕೊಳ್ಳಲಿಲ್ಲ. ನಾನು ಹತ್ತೊಂಬತ್ತರ ಹುಡುಗಿಯಾಗಿ ಕಲಿಯಲು ಹೋದಾಗಲೇ ಅವರಿಗೆ ನೋವಿತ್ತು. “ನಿಂತ್ರ ಕುಂದ್ರಬೇಕು ಅನಸ್ತೈತಿ, ಕುಂತ್ರ ಏಳಬೇಕು ಅನಸ್ತೈತಿ, ಮಲಗಿದ್ರ ದೊಡ್ಡಾಕಿ ಕರೀತಾಳ,” ಎನ್ನುತ್ತಿದ್ದರು. ದೊಡ್ಡಾಕಿ ಎಂದರೆ ಆ ನೆಗೆಣ್ಣಿ. ಎದುರಿಗೆ ನಾನು ಆಕೆಯನ್ನು ಅವ್ವಾರ ಎಂದು ಕರೆಯುತ್ತಿದ್ದೆ. ಬರೆಯುವಾಗ ಬಹುವಚನ ಬರುತ್ತಿಲ್ಲ, ಓದುವವರು ತಿಳಿದುಕೊಳ್ಳಬೇಕು.

ಹೋದ ಮೊದಲ ವಾರವೇ ನನ್ನ ತಾಯಿ ಮಾತಿನಲ್ಲಿ ಮಾತು ಬಂದು, “ನಮ್ಮಾಕಿ ಕಾಲು ಮುಂದಾಗಿ ಹುಟ್ಟ್ಯಾಳ್ರಿ,” ಎಂದು ಹೇಳಿಬಿಟ್ಟಳು. ಹುಟ್ಟುವಾಗ ತಲೆಗಿಂತ ಮೊದಲು ಕಾಲು ಬಂದವರು ಸೊಂಟ ತುಳಿದರೆ ಹಿಡಿದ ಬೆನ್ನು ಬಿಡುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ಅಕ್ಕೋರು ಕತ್ತರಿ ಕೆಳಗಿಟ್ಟು ನನ್ನ ಕಾಲನ್ನೇ ನೋಡಿದರು. ಆ ರವಿವಾರದಿಂದ ಶುರುವಾಯಿತು. ಅವರು ಚಾಪೆಯ ಮೇಲೆ ಬೋರಲು ಮಲಗುತ್ತಿದ್ದರು. ನಾನು ಗೋಡೆ ಹಿಡಿದು ಎಡಗಾಲಿನಿಂದ ಮೂರು ಸಲ ಮೆಲ್ಲಗೆ ತುಳಿಯುತ್ತಿದ್ದೆ. “ಡಿಗ್ರಿ ಇಲ್ಲದ ಡಾಕ್ಟರು ಬಂದ್ಲು, ಚಾಪಿ ಹಾಸ್ರಿ,” ಎಂದು ಹುಡುಗಿಯರಿಗೆ ಹೇಳುತ್ತಿದ್ದರು. ಎದ್ದಮೇಲೆ ಎರಡು ದಿನ ಹಗುರ. ಬುಧವಾರಕ್ಕೆ ಮತ್ತೆ ಅದೇ.

ಇಪ್ಪತ್ತು ವರ್ಷ ಹೀಗೇ ನಡೆಯಿತು. ನನ್ನ ಲಗ್ನ ಅದೇ ಊರಲ್ಲಿ ಆಯಿತು, ಮಕ್ಕಳಾದವು, ರವಿವಾರ ತಪ್ಪಲಿಲ್ಲ. ಅವರ ಬೆನ್ನಿನ ಯಾವ ಮಣಿ ಎಲ್ಲಿದೆ ಎಂಬುದು ನನ್ನ ಪಾದಕ್ಕೆ ಗೊತ್ತಿತ್ತು. ಕಡೆಕಡೆಗೆ ಒಂದು ಕಡೆ ತಗ್ಗು ಸಿಗುತ್ತಿತ್ತು, ಮೆಟ್ಟಿಲು ಇಳಿದ ಹಾಗೆ. ನಾನು ಅದನ್ನು ಹೇಳಲಿಲ್ಲ. ಅದು ನೋವು ಇಳಿದ ಗುರುತು ಎಂದು ತಿಳಿದಿದ್ದೆ.

ಬಲಗಾಲಿಗೆ ಜುಮ್ಮು ಹಿಡಿದು ಮಶಿನ್ನಿನ ಪೆಡಲ್ ತುಳಿಯಲು ಬಾರದಾದಾಗ ಹುಬ್ಬಳ್ಳಿಗೆ ಕರೆದುಕೊಂಡು ಹೋದವಳು ನಾನೇ. ಡಾಕ್ಟರು ಸಣ್ಣ ವಯಸ್ಸಿನವರು, ತಾಳ್ಮೆಯವರು. ಪ್ಲಾಸ್ಟಿಕ್ಕಿನ ಬೆನ್ನೆಲುಬು ಮೇಜಿನ ಮೇಲೆ ಇಟ್ಟು ತೋರಿಸಿದರು. ಕೆಳಗಿನ ಒಂದು ಮಣಿಯ ಮೇಲಿಂದ ಇನ್ನೊಂದು ಮುಂದಕ್ಕೆ ಜಾರಿದೆ, ನರ ಒತ್ತುತ್ತಿದೆ. ಮೊದಲಿನ ಹಾಗೆ ಬೆನ್ನು ಉದ್ದಕ್ಕೆ ಕೊಯ್ಯುವುದಿಲ್ಲ, ಸಣ್ಣ ಸಣ್ಣ ಗಾಯದಿಂದಲೇ ಒಳಗೆ ಹೋಗಿ ನಾಲ್ಕು ಸ್ಕ್ರೂ, ಎರಡು ಸರಳು ಹಾಕುತ್ತೇವೆ. ಮಣಿಗಳ ನಡುವೆ ಒಂದು ಪುಟ್ಟ ಪಂಜರ ಇಟ್ಟು ಅದರಲ್ಲಿ ಮೂಳೆಯ ಚೂರು ತುಂಬುತ್ತೇವೆ. ಆರು ತಿಂಗಳಲ್ಲಿ, ಕೆಲವರಿಗೆ ಒಂದು ವರ್ಷದಲ್ಲಿ, ಮೂಳೆ ಬೆಳೆದು ಎರಡೂ ಮಣಿ ಒಂದಾಗುತ್ತವೆ ಎಂದರು.

“ಹಂಗಾದ್ರ ಸ್ಕ್ರೂ ಕೆಲಸ ಅಲ್ಲ ಇದು,” ಎಂದರು ಅಕ್ಕೋರು. “ಸ್ಕ್ರೂ ಅಂದ್ರ ಕಚ್ಚಾ ಹೊಲಿಗಿ. ಪಕ್ಕಾ ಹೊಲಿಗಿ ಬೀಳೂತನಾ ಬಟ್ಟಿ ಸರೀಬಾರದಂತ ಹಿಡದಿರೂದು.”

ಡಾಕ್ಟರು ನಕ್ಕರು. “ನನ್ನ ಹತ್ರ ಕಲಿಯೂ ಹುಡುಗರಿಗೂ ಹಿಂಗಽ ಹೇಳ್ತೇನ್ರಿ ಇನ್ನ ಮ್ಯಾಲ.”

ಹೊರಗೆ ಬರುವಾಗ ನಾನು ತಡೆದು ಕೇಳಿದೆ. “ಸರ, ತುಳಿಸಿಕೊಂಡಿದ್ದಕ್ಕ ಜಾರಿತೇನ್ರಿ ಅದು?” ಅವರು ನನ್ನ ಮುಖ ನೋಡಿದರು. ಯಾಕೆ ಕೇಳುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಾಗಿರಬೇಕು. “ಅದನ್ನ ಹೇಳಾಕ ಬರೂದಿಲ್ಲಮ್ಮ. ಇನ್ನ ಮುಂದ ಮಾತ್ರ ಯಾರ ಕಾಲೂ ಬ್ಯಾಡ. ತಿಕ್ಕೂದೂ ಬ್ಯಾಡ,” ಎಂದರು. ಹೌದು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಆ ಉತ್ತರದ ಪಾಲು ನನ್ನದು, ಅದನ್ನು ನಾನು ಯಾರ ಮೇಲೂ ಹೊರಿಸುವುದಿಲ್ಲ. ಉಳಿದದ್ದನ್ನು ಹೊರಿಸುತ್ತೇನೆ.

ಆಪರೇಶನ್ ಆದ ಮರುದಿನವೇ ಅಕ್ಕೋರು ಎದ್ದು ವಾರ್ಡಿನ ಬಾಗಿಲ ತನಕ ನಡೆದರು. ಕಾಲಿನ ಜುಮ್ಮು ಹೋಗಿತ್ತು. ಬೆನ್ನಿನ ಮೇಲೆ ನಾಲ್ಕೇ ಸಣ್ಣ ಗಾಯ, ಗುಂಡಿಯ ಮನೆಯಷ್ಟು ಉದ್ದ. “ಎಂಥಾ ಕೈ ನೋಡು,” ಎಂದು ಕನ್ನಡಿ ಹಿಡಿಸಿ ನೋಡಿಕೊಂಡು ಮೆಚ್ಚಿದರು. “ಇಷ್ಟು ಸಣ್ಣ ಕಾಜಾ ನಿನಗ ಇನ್ನೂ ಮಾಡಾಕ ಬರೂದಿಲ್ಲ.”

ಆ ಸಣ್ಣ ಗಾಯವೇ ಮುಳುವಾಯಿತು. ಊರಿಗೆ ಬಂದಮೇಲೆ ಹೆಂಗಸರು ನೋಡಲು ಬಂದರು. ಬೆನ್ನು ಸೀಳಿದ್ದಾರೆ ಎಂದು ಕೇಳಿಕೊಂಡು ಬಂದವರಿಗೆ ನಾಲ್ಕು ಗೆರೆ ಕಂಡು ನಿರಾಸೆಯಾಯಿತು. ನೆಗೆಣ್ಣಿ ಎಲ್ಲರ ಮುಂದೆ ಸೆರಗು ಸರಿಸಿ ಬಗ್ಗಿ ನೋಡಿ, “ಇಷ್ಟಽ ಏನು? ಕುರಾ ಒಡಸಿದ್ರ ಇದಕ್ಕಿಂತ ದೊಡ್ಡದು ಆಕ್ಕೈತಿ. ಇದಕ್ಕ ಆರು ತಿಂಗಳು ಕುಂದ್ರಬೇಕಂತ, ಬಾಣಂತಿಯಾದ್ರೂ ಎದ್ದು ರೊಟ್ಟಿ ಬಡೀತಾಳ,” ಎಂದಳು. ಎಲ್ಲರೂ ನಕ್ಕರು. ಅಕ್ಕೋರೂ ನಕ್ಕರು. ಅವರು ಹಾಗೆಯೇ. ಹೊಲಿಗೆಯಲ್ಲಿ ಅರ್ಧ ದಾರ ತಪ್ಪಿದರೆ ಬಿಚ್ಚಿಸುವವರು ಮನೆಯಲ್ಲಿ ಯಾರ ಮಾತನ್ನೂ ಬಿಚ್ಚಿ ನೋಡುತ್ತಿರಲಿಲ್ಲ.

ಮದುವೆಗೆ ಇನ್ನು ಮೂರು ವಾರ ಇದ್ದಾಗ ಆಕೆ ನನ್ನ ಮನೆಗೆ ಬಂದಳು. ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

“ರವಿವಾರ ಬಂದು ಮೂರು ಸಲ ಕಾಲು ಮುಟ್ಟಿಸಿ ಹೋಗಬೇ. ಮನಿ ತುಂಬ ಕೆಲಸ ಬಿದ್ದೈತಿ. ಆಕಿ ಕಂಬದಂಗ ನಿಂತಗೊಂಡಾಳ.”

“ಡಾಕ್ಟರು ಬ್ಯಾಡ ಅಂದಾರ್ರಿ ಅವ್ವಾರ. ಮೂಳಿ ಇನ್ನೂ ಕೂಡಿಲ್ಲ.”

“ಇಪ್ಪತ್ತು ವರ್ಷ ತುಳದ ಕಾಲಿಗೆ ಈಗ ಡಾಕ್ಟರ ಪರವಾನಗಿ ಬೇಕಾತೇನು?”

“ನನ್ನ ಕಾಲು ಆಗೂದಿಲ್ಲರಿ.”

“ಆಗ್ಲಿ ಬಿಡು. ನಿನ್ನ ಕಾಲ ಒಂದಽ ಮುಂದ ಬಂದಿಲ್ಲ ಈ ಸೀಮ್ಯಾಗ.”

ಆಕೆ ಸಿಟ್ಟಿನಲ್ಲಿ ಅಂದ ಮಾತು ಎಂದುಕೊಂಡೆ. ಆ ಸೋಮವಾರ ಅಕ್ಕೋರ ಜೊತೆ ಇಡೀ ದಿನ ಮೇಜಿನ ಮುಂದೆ ನಿಂತಿದ್ದರೂ ಇದನ್ನು ಹೇಳಲಿಲ್ಲ. ಅವರಿಗೆ ಬೇಸರವಾಗಬಾರದು ಎಂದು ಬಿಟ್ಟೆ. ಈಗ ಅನ್ನಿಸುತ್ತದೆ, ಒಂದು ಬೇಸರ ಉಳಿಸಲು ಹೋಗಿ ಏನು ಕಳೆದೆ ಎಂದು.

ಮಂಗಳವಾರ ಹಿಟ್ಟಿನ ಗಿರಣಿಗೆ ಹೋಗಿ ಮಧ್ಯಾಹ್ನ ಪಡಸಾಲೆಗೆ ಹೋದೆ. ಅಕ್ಕೋರು ಮಲಗಿದ್ದರು. ಬೆಲ್ಟು ಮೂಲೆಯಲ್ಲಿ ಬಿದ್ದಿತ್ತು. ಬಲಗಾಲಿನ ಪಾದ ಜೋತುಬಿದ್ದಿತ್ತು. ನಾನು ಹೆಬ್ಬೆರಳು ಹಿಡಿದು ಎಳೆದೆ. ಎಳೆದದ್ದು ಅವರಿಗೆ ತಿಳಿಯಲಿಲ್ಲ.

“ಬಿದ್ದೆ,” ಎಂದರು. ಗೋಡೆಯ ಕಡೆ ಮುಖ ಮಾಡಿ ಹೇಳಿದರು.

ಹುಬ್ಬಳ್ಳಿಯಲ್ಲಿ ಡಾಕ್ಟರು ಹೊಸ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಪಂಜರ ಹಿಂದಕ್ಕೆ ಸರಿದು ನರದ ಮೇಲೆ ಕುಳಿತಿತ್ತು, ಒಂದು ಸ್ಕ್ರೂ ಮೂಳೆ ಒಡೆದು ಸಡಿಲಾಗಿತ್ತು. “ಯಾರರೆ ತುಳದಾರೇನು?” ಎಂದು ಕೇಳಿದರು. ಅಕ್ಕೋರು “ಇಲ್ಲ, ಬಿದ್ದೆ” ಎಂದೇ ಹೇಳಿದರು. ಡಾಕ್ಟರು ನನ್ನ ಕಡೆ ನೋಡಿದರು. ಆ ನೋಟ ನನಗೆ ಇವತ್ತಿಗೂ ಚುಚ್ಚುತ್ತದೆ. ಈ ಸಲ ಬೆನ್ನು ಉದ್ದಕ್ಕೆ ಕೊಯ್ಯಲೇಬೇಕಾಯಿತು.

ಆಪರೇಶನ್ನಿನ ಐದನೆಯ ದಿನ ಅವರೇ ನನಗೆ ಹೇಳಿದರು. ನೆಗೆಣ್ಣಿ ತೊರಗಲ್ಲಿನಿಂದ ಕಾಲು ಮುಂದಾಗಿ ಹುಟ್ಟಿದವನೊಬ್ಬನನ್ನು ಕರೆಸಿದ್ದಳು. ಬೆಲ್ಟು ಬಿಚ್ಚಿಸಿ ತುಳಿಸಿದ್ದಳು.

“ನೀವಽ ಯಾಕ ಒಪ್ಪಿದ್ರಿ ಅಕ್ಕೋರ?”

“ಬ್ಯಾಡ ಅನ್ನೂದು ನನಗ ಬರೂದಿಲ್ಲಲೇ. ಇಷ್ಟು ವರ್ಷದಾಗ ಒಮ್ಮೆರೆ ಅಂದದ್ದು ನೋಡೀಯೇನು?” ಆಮೇಲೆ, “ಮದುವಿ ಮುಗಿಯೂತನಾ ಆಕಿ ಹೆಸರು ತಗೀಬ್ಯಾಡ. ಹುಡುಗಿ ಏನು ಮಾಡ್ಯಾಳ ಪಾಪ,” ಎಂದರು. ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡರು.

ಒಂಬತ್ತನೆಯ ದಿನ ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟವರು ಉಸಿರು ಕಟ್ಟಿ ಎದೆ ಹಿಡಿದುಕೊಂಡರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಹೋಗಿದೆ ಎಂದರು ಡಾಕ್ಟರು. ಅರ್ಧ ತಾಸಿನಲ್ಲಿ ಎಲ್ಲ ಮುಗಿಯಿತು.

ನಮ್ಮಲ್ಲಿ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ, ಕುಳಿತ ಹಾಗೆಯೇ ಮಣ್ಣು ಮಾಡುತ್ತಾರೆ. ಹತ್ತು ನಿಮಿಷ ನೆಟ್ಟಗೆ ಕೂಡಲಾರದ ಅಕ್ಕೋರು ಅಂದು ಸಂಜೆಯ ತನಕ ಕುಳಿತರು. ವಿಭೂತಿ ಹಚ್ಚಿ, ಹೂ ಏರಿಸಿ, ಭಜನೆ ಹಚ್ಚಿದ್ದರು. ನಾನು ಕಾಲಿಗೆ ನಮಸ್ಕಾರ ಮಾಡಲು ಹೋದೆ. ನೆಗೆಣ್ಣಿ ಪಕ್ಕದಲ್ಲಿ ಕುಳಿತು ಅಳುತ್ತಿದ್ದವಳು ನನ್ನ ಪಾದ ನೋಡಿದಳು. ಎಲ್ಲರಿಗೂ ಕೇಳುವ ಹಾಗೆ, “ಕಾಲಿಂದಽ ಹೋದ್ಲು ನಮ್ಮ ತಂಗಿ. ಡಾಕ್ಟರು ಬ್ಯಾಡ ಅಂದ್ರೂ ಬಿಡಲಿಲ್ಲ,” ಎಂದಳು. ಯಾರ ಕಾಲು ಎಂದು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಇಪ್ಪತ್ತು ವರ್ಷ ಯಾರು ತುಳಿದಿದ್ದಾರೆ ಎಂಬುದು ಇಡೀ ಊರಿಗೆ ಗೊತ್ತಿತ್ತು.

ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಭಾಷೆ ಕೊಟ್ಟಿದ್ದೆ. ಮಾತು ನುಂಗಿಕೊಂಡು ಎದ್ದು ಬಂದೆ. ಎದ್ದು ಬಂದದ್ದನ್ನೇ ಜನ ಒಪ್ಪಿಗೆ ಎಂದು ತಿಳಿದರು. ಮರುವಾರದಿಂದ ನನ್ನ ಹತ್ತಿರ ಕುಬಸ ಬರುವುದು ಕಡಿಮೆಯಾಯಿತು. ಬಾವಿಯ ಹತ್ತಿರ ಒಬ್ಬಳು ತನ್ನ ಸೊಸೆಗೆ, “ಆಕಿ ಕಾಲಾಗ ಕೂಸಿನ್ನ ಬಿಡಬ್ಯಾಡ,” ಎಂದದ್ದು ನನಗೆ ಕೇಳಿಸಿತು. ನನ್ನ ಗಂಡ, “ಬಾಯಿ ತಗದು ಹೇಳಿಬಿಡು, ಇಲ್ಲಾ ನಾ ಹೇಳ್ತೇನಿ,” ಎಂದರು. ಮದುವೆಯಾಗಲಿ ಎಂದೆ. ಸೂತಕವೆಂದು ಮದುವೆ ನಾಲ್ಕು ತಿಂಗಳು ಮುಂದೆ ಹೋಯಿತು. ಆ ನಾಲ್ಕು ತಿಂಗಳೂ ನಾನು ಬಾಯಿ ಹೊಲಿದುಕೊಂಡಿದ್ದೆ.

ಮದುವೆಯ ಮರುದಿನವೇ ಗಂಡನ ಬೈಕಿನಲ್ಲಿ ತೊರಗಲ್ಲಿಗೆ ಹೋದೆ. ಕೋಟೆಯ ಕೆಳಗೆ ಆ ಮನುಷ್ಯನ ಮನೆ. ಮೂಟೆ ಹೊರುವ ಮೈ. ನಾನು ಬೈಯಬೇಕೆಂದು ಹೋಗಿದ್ದೆ. ಯಾವ ಊರಿನಿಂದ ಬಂದೆ ಎಂದು ಹೇಳಿದ ಕೂಡಲೇ ಅವನು ಕಟ್ಟೆಯ ಮೇಲೆ ಕುಳಿತುಬಿಟ್ಟ.

“ಉಳುಕೈತಿ ಅಂತ ಕರೆಸಿದ್ರು ಯವ್ವಾ. ಆಪರೇಶನ್ ಮಾತಽ ತಗೀಲಿಲ್ಲ. ಹೇಳಿದ್ರ ನಾ ಕಾಲ ಎತ್ತತಿದ್ನೇನು?”

“ಮುಟ್ಟಿಸಿದ್ರೋ, ತುಳದ್ರೋ?”

“ಮೊದಲು ಮುಟ್ಟಿಸಿದೆ. ಆ ದೊಡ್ಡ ಅವ್ವಾರು, ಇಷ್ಟು ದೂರದಿಂದ ಬಂದೀದಿ, ಹಂಗ ಮುಟ್ಟಿದ್ರ ಏನಾಕ್ಕೈತಿ, ಪೂರಾ ಭಾರ ಹಾಕು ಅಂದ್ರು. ಹಾಕಿದೆ. ಒಳಗ ಏನೋ ಸರದಂಗಾತು. ಹಿಮ್ಮಡಕ್ಕ ಗೊತ್ತಾತು ನನಗ.”

“ಅಕ್ಕೋರು ಏನಂದ್ರು?”

“ಆತಪಾ, ಪುಣ್ಯಾ ಬರಲಿ ನಿನಗ ಅಂದ್ರು. ಅಂದು ಮಕಾ ಆ ಕಡೆ ಮಾಡಿದ್ರು.” ಅವನು ತನ್ನ ಎಡಗಾಲನ್ನು ಬಲಗಾಲಿನ ಹಿಂದೆ ಸರಿಸಿಕೊಂಡ. “ಅವತ್ತಿನಿಂದ ಯಾರ ಮ್ಯಾಲೂ ಕಾಲಿಟ್ಟಿಲ್ಲ.”

ಬೈಯಲು ತಂದಿದ್ದ ಮಾತೆಲ್ಲ ಉಳಿಯಿತು. ಅದನ್ನು ಅದರ ನಿಜವಾದ ವಾರಸುದಾರಳಿಗಾಗಿ, ಎಲ್ಲರೂ ಸೇರುವ ದಿನಕ್ಕಾಗಿ ಇಟ್ಟುಕೊಂಡೆ.

ಬರುವ ಸೋಮವಾರ ಅಕ್ಕೋರ ವರ್ಷದ ಪುಣ್ಯಸ್ಮರಣೆ. ಬೈಲಹೊಂಗಲದ ಗೆಳತಿಯೊಬ್ಬಳು ಫೋನು ಮಾಡಿ, ಕಲಿತವರೆಲ್ಲ ಸೇರಿ ಒಂದು ಸಣ್ಣ ಪುಸ್ತಕ ಮಾಡೋಣ, ಅವರ ಬಗ್ಗೆ ನೀನೇ ಬರಿ, ಅಂದು ಓದು ಎಂದಳು. “ಒಳ್ಳೇದಷ್ಟ ಬರಿ,” ಎಂದೂ ಹೇಳಿದಳು. ಅಕ್ಕೋರ ಬಗ್ಗೆ ಬರೆಯಲು ಒಳ್ಳೆಯದಲ್ಲದೆ ಬೇರೇನೂ ಇಲ್ಲ. ಬೇರೆಯವರ ಬಗ್ಗೆ ಅವಳು ಏನೂ ಹೇಳಲಿಲ್ಲ.

ನೆಗೆಣ್ಣಿ ಮನೆಯ ಹಿರಿಯಳೆಂದು ಮುಂದಿನ ಸಾಲಿನಲ್ಲಿ ಕೂಡುತ್ತಾಳೆ. ತೊರಗಲ್ಲಿನವನು ಬರುತ್ತೇನೆ ಎಂದಿದ್ದಾನೆ. ಅವನನ್ನು ನಾನು ಎರಡನೆಯ ಸಾಲಿನಲ್ಲಿ, ಸರಿಯಾಗಿ ಆಕೆಯ ಬೆನ್ನ ಹಿಂದೆ ಕೂಡ್ರಿಸುತ್ತೇನೆ. ಈ ಬರಹ ಇಲ್ಲಿಯ ತನಕ ಓದಿದ ಮೇಲೆ ಆಕೆ ಹಿಂದೆ ತಿರುಗಿ ನೋಡುತ್ತಾಳೋ ಇಲ್ಲವೋ ಎಂಬುದನ್ನು ಎಲ್ಲರೂ ನೋಡಲಿ. ವರ್ಷದಿಂದ ನನ್ನ ಕಾಲು ನೋಡಿದ ಕಣ್ಣುಗಳು ಒಂದು ದಿನ ಅವಳ ಮುಖ ನೋಡಲಿ. ಇದು ಸಣ್ಣತನ ಎನ್ನುವವರು ಎನ್ನಬಹುದು. ಅಕ್ಕೋರಿದ್ದರೆ ಬ್ಯಾಡ ಎನ್ನುತ್ತಿದ್ದರೇ ಎಂದು ಯೋಚಿಸಿದ್ದೇನೆ. ಅವರಿಗೆ ಬ್ಯಾಡ ಎನ್ನಲು ಬರುತ್ತಿರಲಿಲ್ಲ. ಭಾಷೆ ಮದುವೆಯ ತನಕ ಇತ್ತು, ಮದುವೆ ಮುಗಿದಿದೆ. ಬಿಚ್ಚುವುದನ್ನು ಅವರೇ ಕಲಿಸಿದ್ದು.

ಆ ಹಸಿರು ಕುಬಸ ನನ್ನ ಹತ್ತಿರ ಇದೆ. ಮದುವೆಗೆ ಮುಂಚೆ ಆಕೆ ಎರಡು ಸಲ ಹೇಳಿ ಕಳಿಸಿದಳು. ಅವರೇ ಬರಲಿ ಎಂದು ನಾನೂ ಹೇಳಿ ಕಳಿಸಿದೆ. ಬರಲಿಲ್ಲ, ಅಂಗಡಿಯ ಕುಬಸ ತೊಟ್ಟು ಮಗಳ ಮೇಲೆ ಅಕ್ಕಿಕಾಳು ಹಾಕಿದಳು. ಸೋಮವಾರ ಅಕ್ಕೋರ ಮಶಿನ್ನನ್ನು ಫೋಟೋದ ಪಕ್ಕ ಇಡುತ್ತಾರೆ. ಆ ಕುಬಸವನ್ನೂ ತೆಗೆದುಕೊಂಡು ಹೋಗುತ್ತೇನೆ. “ನಾನಽ ಕರೆಸಿದ್ದೆ, ಭಾರ ಹಾಕು ಅಂತ ನಾನಽ ಅಂದಿದ್ದೆ” ಎಂದು ಆಕೆ ಎದ್ದು ನಿಂತು ಹೇಳಿದರೆ ಅಲ್ಲಿಯೇ ಕುಳಿತು ಹೊಲಿದು ಕೊಡುತ್ತೇನೆ, ಕೆಲಸ ಬಹಳ ಇಲ್ಲ. ಹಾಗೆ ಹೇಳಿದರೂ ಕ್ಷಮಿಸುವುದಿಲ್ಲ. ಕುಬಸ ಮಾತ್ರ ಕೊಡುತ್ತೇನೆ.

ಬಿಳಿ ದಾರದ ಕಚ್ಚಾ ಹೊಲಿಗೆ ಅಕ್ಕೋರು ಹಾಕಿದಂತೆಯೇ ಇದೆ, ಒಂದು ಎಳೆಯೂ ಸಡಿಲಾಗಿಲ್ಲ. ಒಳಗೆ ಮೂರು ಬೆರಳು ಬಟ್ಟೆ ಇದೆ. ಬಲ ತೋಳು ಇನ್ನೂ ಕೂಡಿಲ್ಲ.